ಆಂಧ್ರದ ಅಜ್ಜ-ಅಜ್ಜಿಯ ಮೊಮ್ಮಗ, 19 ಸ್ಟ್ರೈಕ್‌ಔಟ್ ಮತ್ತು ಉಳಿದ ಎಂಟು

ಕುಮಾರ್!

ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡ್ತಾರೆ. ಆದೋನಿಯಲ್ಲಿ, ಹೊಸೂರಿನಲ್ಲಿ, ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಕೂಗಿದರೂ ಅಷ್ಟೇ. ಗಡಿನಾಡಿನಲ್ಲಿ ಶಾಲೆಯ ದಾಖಲೆ ತೆಲುಗಿನಲ್ಲಿರಲಿ, ಮಲಯಾಳಂನಲ್ಲಿರಲಿ, ಮರಾಠಿಯಲ್ಲಿರಲಿ, ಅಕ್ಷರ ಬದಲಾದರೂ ಉಚ್ಚಾರ ಬದಲಾಗದ ಕೆಲವೇ ಹೆಸರುಗಳಲ್ಲಿ ಇದೂ ಒಂದು.

ಆದರೆ 2019ರ ಜೂನ್ 8ರಂದು ಈ ಹೆಸರನ್ನು ಕೂಗಿದ್ದು ನಮ್ಮ ಕಡೆಯ ಜನ ಅಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರ. ಅಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹಾಕಿನ್ಸ್ ಫೀಲ್ಡ್ ಮೈದಾನ. ಮೊದಲ ವರ್ಷದ ವಿದ್ಯಾರ್ಥಿ ಕುಮಾರ್ ರಾಕರ್ ಚೆಂಡು ಎಸೆಯುತ್ತಿದ್ದ. ಎದುರಾಳಿ ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಟರ್‌ಗಳು ಒಬ್ಬರ ಹಿಂದೆ ಒಬ್ಬರು ತಲೆ ತಗ್ಗಿಸಿ ವಾಪಸ್ ಹೋಗುತ್ತಿದ್ದರು. ಒಂಬತ್ತು ಇನಿಂಗ್ಸ್ ಮುಗಿದಾಗ ಡ್ಯೂಕ್ ಖಾತೆಯಲ್ಲಿ ಒಂದೇ ಒಂದು ಹಿಟ್ ಇರಲಿಲ್ಲ. ಕುಮಾರ್ ಖಾತೆಯಲ್ಲಿ 19 ಸ್ಟ್ರೈಕ್‌ಔಟ್ ಇತ್ತು.

ಈ ಹುಡುಗನಿಗೂ ನಮಗೂ ಏನು ಸಂಬಂಧ ಅಂತೀರಾ? ಇದೆ. ಕುಮಾರ್ ತಾಯಿಯ ಕಡೆಯ ಅಜ್ಜ-ಅಜ್ಜಿ ಆಂಧ್ರಪ್ರದೇಶದಿಂದ ಅಮೆರಿಕಕ್ಕೆ ವಲಸೆ ಹೋದವರು. ತಂದೆ ಟ್ರೇಸಿ ರಾಕರ್ ಆಫ್ರಿಕನ್ ಅಮೆರಿಕನ್. ಆಬರ್ನ್ ವಿಶ್ವವಿದ್ಯಾಲಯದ ಪರ ಅಮೆರಿಕನ್ ಫುಟ್‌ಬಾಲ್ ಆಡಿ 1988ರಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿಗಳನ್ನು ಗೆದ್ದವರು, ಆಮೇಲೆ ಕೋಚ್ ಆದವರು. ಅಪ್ಪನಿಂದ ಆರು ಅಡಿ ಐದು ಇಂಚಿನ ಆಳು ಮೈಕಟ್ಟು, ಅಮ್ಮನ ಕಡೆಯಿಂದ ಹೆಸರು. ರಾಯದುರ್ಗ, ಆದೋನಿ, ಮಡಕಶಿರಾ ಸೀಮೆಯ ಓದುಗರಿಗೆ ಇದು ದೂರದ ನೆಂಟಸ್ತನವೇ ಇರಬಹುದು. ಆದರೂ ಒಂದು ಎಳೆ ಇದೆಯಲ್ಲ!

ಇದೇನಪ್ಪಾ ಈ ಆಟ?

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಥ ಮಾಡಿಕೊಳ್ಳೋದು ಕಷ್ಟ ಅಲ್ಲ. ಬೌಲರ್ ಬದಲು ಪಿಚರ್. ಆತ ಓಡಿ ಬರುವಂತಿಲ್ಲ, ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು ಎಸೆಯಬೇಕು. ಮೊಣಕೈ ಮಡಿಸಿ ಎಸೆಯೋಕೆ ಇಲ್ಲಿ ಅಡ್ಡಿಯಿಲ್ಲ. ಚೆಂಡು ನೆಲಕ್ಕೆ ಪುಟಿಯದೆ ನೇರ ಹೋಗಬೇಕು. ದಿಬ್ಬದಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ನಮ್ಮ ಕ್ರಿಕೆಟ್ ಪಿಚ್ 20.12 ಮೀಟರ್. ಗಂಟೆಗೆ 95 ಮೈಲಿ ವೇಗದಲ್ಲಿ ಬರುವ ಚೆಂಡನ್ನು ನೋಡಿ, ಹೊಡೆಯಬೇಕೋ ಬಿಡಬೇಕೋ ಅಂತ ತೀರ್ಮಾನಿಸೋಕೆ ಬ್ಯಾಟರ್‌ಗೆ ಅರ್ಧ ಸೆಕೆಂಡೂ ಸಿಗೋದಿಲ್ಲ.

ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಇದೇ ಸ್ಟ್ರೈಕ್‌ಔಟ್. ಪಿಚರ್ ನಾಲ್ಕು ಬಾರಿ ಗುರಿ ತಪ್ಪಿಸಿದರೆ ಬ್ಯಾಟರ್‌ಗೆ ಪುಕ್ಕಟೆಯಾಗಿ ಒಂದು ಬೇಸ್ ಸಿಗುತ್ತದೆ. ಇದಕ್ಕೆ ವಾಕ್ ಅಂತಾರೆ. ಒಂದು ಇನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೆ ಮೂರು ಔಟ್. ಒಂಬತ್ತು ಇನಿಂಗ್ಸ್‌ಗೆ 27 ಔಟ್. ಎದುರಾಳಿಗೆ ಒಂದೂ ಹಿಟ್ ಬಿಟ್ಟುಕೊಡದೆ ಪಂದ್ಯ ಮುಗಿಸಿದರೆ ಅದು ನೋ-ಹಿಟ್ಟರ್. ವಾಕ್ ಆಗಲಿ, ಫೀಲ್ಡರ್‌ನ ತಪ್ಪಾಗಲಿ ಇದ್ದರೂ ನೋ-ಹಿಟ್ಟರ್ ಕೆಡೋದಿಲ್ಲ. ಯಾರನ್ನೂ ಮೊದಲ ಬೇಸ್‌ಗೇ ಬಿಡದೆ 27 ಜನರನ್ನೂ ಸಾಲಾಗಿ ಕಳಿಸಿದರೆ ಮಾತ್ರ ಪರ್ಫೆಕ್ಟ್ ಗೇಮ್.

ಸೋತರೆ ಮನೆಗೆ

ಕುಮಾರ್ ಸಾಧನೆ ದೊಡ್ಡದಾಗಿದ್ದು ಅಂಕಿಯಿಂದ ಮಾತ್ರ ಅಲ್ಲ. ಅದು ಬಂದ ಹೊತ್ತಿನಿಂದ.

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ 64 ತಂಡಗಳು ರಾಷ್ಟ್ರೀಯ ಟೂರ್ನಿಗೆ ಬರುತ್ತವೆ. ಮೊದಲು ನಾಲ್ಕು ನಾಲ್ಕು ತಂಡಗಳ 16 ರೀಜನಲ್‌ಗಳು. ಅಲ್ಲಿ ಗೆದ್ದ 16 ತಂಡಗಳು ಜೋಡಿ ಜೋಡಿಯಾಗಿ ಸೂಪರ್ ರೀಜನಲ್ ಆಡುತ್ತವೆ. ಮೂರು ಪಂದ್ಯಗಳಲ್ಲಿ ಎರಡು ಗೆದ್ದವರು ನೆಬ್ರಾಸ್ಕ ರಾಜ್ಯದ ಒಮಾಹಾ ನಗರಕ್ಕೆ ಹೋಗುತ್ತಾರೆ. 1950ರಿಂದ ಕಾಲೇಜು ವರ್ಲ್ಡ್ ಸೀರೀಸ್ ನಡೆಯೋದು ಒಮಾಹಾದಲ್ಲೇ. ನಮ್ಮಲ್ಲಿ ರಣಜಿ ಆಡುವ ಹುಡುಗನಿಗೆ ಈಡನ್ ಗಾರ್ಡನ್ಸ್ ಹೇಗೋ, ಅಲ್ಲಿನ ಕಾಲೇಜು ಹುಡುಗರಿಗೆ ಒಮಾಹಾ ಹಾಗೆ.

ಡ್ಯೂಕ್ ವಿರುದ್ಧದ ಸೂಪರ್ ರೀಜನಲ್‌ನ ಮೊದಲ ಪಂದ್ಯದಲ್ಲಿ ವ್ಯಾಂಡರ್‌ಬಿಲ್ಟ್ ಮಣ್ಣು ಮುಕ್ಕಿತ್ತು. 18-5! ಇನ್ನೊಂದು ಸೋತಿದ್ದರೆ ಇಡೀ ವರ್ಷದ ಶ್ರಮ ಅಲ್ಲಿಗೇ ಮುಗೀತಿತ್ತು. ಅಂಥ ಹೊತ್ತಿನಲ್ಲಿ ಕೋಚ್ ಚೆಂಡು ಕೊಟ್ಟಿದ್ದು 19 ವರ್ಷದ ಈ ಹುಡುಗನ ಕೈಗೆ.

ಕುಮಾರ್ 131 ಎಸೆತ ಎಸೆದ. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ 22 ಓವರ್, ಒಬ್ಬನೇ, ಒಂದೇ ದಿನ. ವೇಗದ ಚೆಂಡಿನ ಜೊತೆಗೆ ಆತನ ಮುಖ್ಯ ಅಸ್ತ್ರ ಸ್ಲೈಡರ್. ಸ್ಟ್ರೈಕ್ ಆಗಿಯೇ ಬರುತ್ತಿದೆ ಅನ್ನಿಸುವ ಚೆಂಡು ಕೊನೇ ಗಳಿಗೆಯಲ್ಲಿ ಪಕ್ಕಕ್ಕೂ ಕೆಳಕ್ಕೂ ಜಾರುತ್ತದೆ. ಬ್ಯಾಟ್ ಬೀಸಿದವನಿಗೆ ಗಾಳಿ ಮಾತ್ರ ಸಿಗುತ್ತದೆ. ವ್ಯಾಂಡರ್‌ಬಿಲ್ಟ್ 3-0ಯಿಂದ ಗೆದ್ದಿತು. ಸೂಪರ್ ರೀಜನಲ್ ಪದ್ಧತಿ ಶುರುವಾಗಿದ್ದು 1999ರಲ್ಲಿ. ಅಲ್ಲಿಂದ ಆ ಹಂತದಲ್ಲಿ ಯಾರೂ ನೋ-ಹಿಟ್ಟರ್ ಎಸೆದಿರಲಿಲ್ಲ. ಕುಮಾರನದೇ ಮೊದಲನೆಯದು. ಮರುದಿನ ತಂಡ 13-2ರಿಂದ ಗೆದ್ದು ಒಮಾಹಾಕ್ಕೆ ಟಿಕೆಟ್ ಪಡೆಯಿತು.

ಉಳಿದ ಎಂಟು ಯಾರದು?

ಇಲ್ಲೊಂದು ಲೆಕ್ಕ ಹಾಕೋಣ. ಬೇಕಿದ್ದ ಔಟ್ 27. ಸ್ಟ್ರೈಕ್‌ಔಟ್ 19. ಉಳಿದ ಎಂಟು?

ಆ ಎಂಟು ಔಟ್‌ಗಳಲ್ಲಿ ಬ್ಯಾಟಿಗೆ ತಾಗಿದ ಚೆಂಡನ್ನು ಯಾರೋ ಓಡಿ ಹಿಡಿದಿದ್ದಾರೆ, ಯಾರೋ ಬಾಗಿ ಎತ್ತಿ ಎಸೆದಿದ್ದಾರೆ. ಅದರಲ್ಲಿ ಒಂದೇ ಒಂದು ಚೆಂಡು ಫೀಲ್ಡರ್‌ಗೆ ನಿಲುಕದೆ ನುಸುಳಿದ್ದರೂ ಈ ದಿನದ ಕಥೆ ಇರುತ್ತಿರಲಿಲ್ಲ. ಇನ್ನೂ ಒಂದು ಸ್ವಾರಸ್ಯ ಕೇಳಿ. ಸ್ಟ್ರೈಕ್‌ಔಟ್ ಆದಾಗಲೂ ದಾಖಲೆ ಪುಸ್ತಕದಲ್ಲಿ ಔಟ್ ಮಾಡಿದವ ಅಂತ ಬರೆಯೋದು ಚೆಂಡು ಹಿಡಿದ ಕ್ಯಾಚರ್‌ನ ಹೆಸರನ್ನು! ಕ್ಯಾಚರ್ ಮೂರನೇ ಸ್ಟ್ರೈಕ್ ಕೈಬಿಟ್ಟರೆ, ಕೆಲವು ಸಂದರ್ಭಗಳಲ್ಲಿ ಬ್ಯಾಟರ್ ಮೊದಲ ಬೇಸ್‌ಗೆ ಓಡಿ ಬಚಾವ್ ಆಗಬಹುದು. ನೆಲಕ್ಕೆ ಜಾರುವ ಸ್ಲೈಡರ್ ಎಸೆಯುವ ಪಿಚರ್‌ಗೆ ಒಳ್ಳೆ ಕ್ಯಾಚರ್ ಇಲ್ಲದಿದ್ದರೆ ಧೈರ್ಯವೇ ಬರೋದಿಲ್ಲ. ಆ ವರ್ಷ ವ್ಯಾಂಡರ್‌ಬಿಲ್ಟ್ ಕ್ಯಾಚರ್ ಆಗಿದ್ದವನು ಫಿಲಿಪ್ ಕ್ಲಾರ್ಕ್. ಶಾರ್ಟ್‌ಸ್ಟಾಪ್ ಜಾಗದಲ್ಲಿ ಈಥನ್ ಪಾಲ್. ಇವರ ಹೆಸರು ದೊಡ್ಡ ಅಕ್ಷರದಲ್ಲಿ ಬರಲಿಲ್ಲ.

ಕ್ರಿಕೆಟ್‌ನಲ್ಲಿ ಒಬ್ಬ ಕ್ಯಾಚ್ ಬಿಟ್ಟರೆ ಬೈಸಿಕೊಳ್ತಾನೆ, ಆದರೆ ಸ್ಕೋರ್‌ಕಾರ್ಡ್‌ನಲ್ಲಿ ಅದು ಕಾಣೋದಿಲ್ಲ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಮೈದಾನದ ಬೋರ್ಡ್‌ನಲ್ಲಿ ಮೂರು ಖಾನೆ: ರನ್, ಹಿಟ್, ಎರರ್. ಸುಲಭದ ಚೆಂಡು ಬಿಟ್ಟವನ ಹೆಸರಿಗೆ ಎರರ್ ಬೀಳುತ್ತದೆ, ಎಲ್ಲರ ಕಣ್ಣೆದುರೇ. ಫೀಲ್ಡಿಂಗ್ ಸರಾಸರಿ ಅಂತ ಒಂದು ಲೆಕ್ಕವೂ ಇದೆ. ಒಬ್ಬನ ಕಡೆ 100 ಅವಕಾಶ ಬಂದು, 97ನ್ನು ಸರಿಯಾಗಿ ಮುಗಿಸಿ ಮೂರು ಕೆಡಿಸಿದರೆ ಆತನ ಸರಾಸರಿ .970. ನೋಡೋಕೆ ದೊಡ್ಡ ಅಂಕ. ಆದರೆ ಪಿಚರ್‌ನ ಒಂದು ವರ್ಷದ ಬೆವರು ಆ ಉಳಿದ ಮೂರರಲ್ಲೇ ಹೋಗಿಬಿಡಬಹುದು.

ಕೊನೇ ಬೆಂಚಿನ ತಂಡ

ವ್ಯಾಂಡರ್‌ಬಿಲ್ಟ್ ಮೊದಲಿನಿಂದ ಗೆಲ್ಲುವ ತಂಡ ಆಗಿರಲಿಲ್ಲ. 1873ರಲ್ಲಿ ಹಡಗು-ರೈಲು ಸಾಹುಕಾರ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಕೊಟ್ಟ 10 ಲಕ್ಷ ಡಾಲರ್ ದೇಣಿಗೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ಇದು. ಓದಿಗೆ ಹೆಸರುವಾಸಿ. ಆದರೆ ಅದು ಆಡೋದು ಎಸ್‌ಇಸಿ ಒಕ್ಕೂಟದಲ್ಲಿ. ಸುತ್ತ ಇರೋದೆಲ್ಲ ದೊಡ್ಡ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು. ಆ ಗುಂಪಿನಲ್ಲಿ ಇದೊಂದೇ ಖಾಸಗಿ. ಪರೀಕ್ಷೆಯಲ್ಲಿ ಮೊದಲ ಬೆಂಚು, ಆಟದಲ್ಲಿ ಕೊನೇ ಬೆಂಚು ಅನ್ನೋ ಪರಿಸ್ಥಿತಿ. 1980ರಲ್ಲಿ ರಾಷ್ಟ್ರೀಯ ಟೂರ್ನಿ ಆಡಿದ ಮೇಲೆ ಮತ್ತೆ ಅಲ್ಲಿಗೆ ಕಾಲಿಡೋಕೆ 2004ರ ತನಕ ಕಾಯಬೇಕಾಯಿತು.

ಬದಲಾವಣೆ ತಂದವರು ಕೋಚ್ ಟಿಮ್ ಕಾರ್ಬಿನ್. ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್ ಆಗಿದ್ದವರು 2002ರಲ್ಲಿ ನ್ಯಾಶ್‌ವಿಲ್‌ಗೆ ಬಂದರು. ಅದೇ ವರ್ಷ ಹಾಕಿನ್ಸ್ ಫೀಲ್ಡ್ ಮೈದಾನವೂ ತೆರೆದಿತ್ತು. ಕಾರ್ಬಿನ್ ಪಾಠ ನಡೆಯೋದು ಮೈದಾನದಲ್ಲಿ ಮಾತ್ರ ಅಲ್ಲ. ಆಟಗಾರರನ್ನು ತರಗತಿಯಲ್ಲಿ ಕೂರಿಸಿ, ಕೈಗೆ ನೋಟ್‌ಬುಕ್ ಕೊಟ್ಟು ಬರೆಸುವ ಮೇಷ್ಟ್ರು ಅವರು.

ಬಿಟ್ಟು ಹೋಗಲು ಹೊರಟವನು

ಕಾರ್ಬಿನ್ ಗರಡಿಯ ಮೊದಲ ದೊಡ್ಡ ಹೆಸರು ಡೇವಿಡ್ ಪ್ರೈಸ್. ಟೆನೆಸ್ಸಿಯದೇ ಹುಡುಗ, ಎಡಗೈ ಪಿಚರ್. 2004ರಲ್ಲಿ ಶಾಲೆ ಮುಗಿಸಿದಾಗಲೇ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಕರೆದಿತ್ತು. ಆತ ಓದು ಆರಿಸಿಕೊಂಡ. ಕಾಲೇಜಿಗೆ ಬಂದ ಮೊದಲ ವರ್ಷವೇ ಮನಸ್ಸು ಮುರಿಯಿತು. ಆಟ ಬಿಟ್ಟು ಮನೆಗೆ ಹೋಗ್ತೀನಿ, ಮೆಕ್‌ಡೊನಾಲ್ಡ್ಸ್ ಅಂಗಡಿಯಲ್ಲಿ ಕೆಲಸ ಮಾಡ್ತೀನಿ ಅಂತ ಕೋಚ್ ಮುಂದೆ ನಿಂತ. ಕಾರ್ಬಿನ್ ಬುದ್ಧಿ ಹೇಳಿ ಉಳಿಸಿಕೊಂಡರು.

ಉಳಿದದ್ದಕ್ಕೆ ಏನಾಯ್ತು? 2007ರಲ್ಲಿ ಪ್ರೈಸ್ 133 ಚಿಲ್ಲರೆ ಇನಿಂಗ್ಸ್ ಎಸೆದು 194 ಸ್ಟ್ರೈಕ್‌ಔಟ್ ಮಾಡಿದ. ಆ ವರ್ಷ ಆತ ಎಸೆದಾಗ ಬಿದ್ದ ಔಟ್ 400. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟನ್ನು ಫೀಲ್ಡರ್‌ಗಳಿಗೆ ಕೆಲಸವೇ ಕೊಡದೆ ತಾನೇ ಮುಗಿಸಿದ್ದ. ಗೆಲುವು 11, ಸೋಲು ಒಂದೇ. ಆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ ಬಂತು. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಇಡೀ ದೇಶಕ್ಕೇ ಮೊದಲಿಗನಾದ. ಮುಂದೆ 2012ರಲ್ಲಿ ಅಮೆರಿಕನ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ, 2018ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಜೊತೆ ವರ್ಲ್ಡ್ ಸೀರೀಸ್ ಗೆಲುವು.

ಆದರೆ ಕಾಲೇಜಿನ ಕೊನೆ ಕಹಿಯಾಗಿತ್ತು. 2007ರಲ್ಲಿ ವ್ಯಾಂಡರ್‌ಬಿಲ್ಟ್ ದೇಶದ ನಂಬರ್ 1 ಶ್ರೇಯಾಂಕದ ತಂಡ. ಪಂದ್ಯಗಳೂ ತವರಿನಲ್ಲೇ. ಮಿಷಿಗನ್ ವಿರುದ್ಧ ನಿರ್ಣಾಯಕ ಪಂದ್ಯ 3-3ರಲ್ಲಿ ನಿಂತು ಹತ್ತನೇ ಇನಿಂಗ್ಸ್‌ಗೆ ಹೋಯಿತು. ಚೆಂಡು ಪ್ರೈಸ್ ಕೈಯಲ್ಲಿತ್ತು. ಬದಲಿ ಬ್ಯಾಟರ್ ಆಗಿ ಬಂದ ಮೊದಲ ವರ್ಷದ ವಿದ್ಯಾರ್ಥಿ ಅಲನ್ ಓಕ್ಸ್ ಹೋಮ್ ರನ್ ಬಾರಿಸಿಬಿಟ್ಟ. 4-3. ದೇಶದ ನಂಬರ್ 1 ತಂಡ ಮೊದಲ ಸುತ್ತಿನಲ್ಲೇ ಹೊರಗೆ. ಹೋಮ್ ರನ್ ಆದ ಚೆಂಡನ್ನು ಯಾವ ಫೀಲ್ಡರ್ ತಾನೇ ಹಿಡೀತಾನೆ? ಮಿಷಿಗನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕೈಗೆ ಬಂದ ಕಪ್

2011ರಲ್ಲಿ ಸನ್ನಿ ಗ್ರೇ ಎಂಬ ಪಿಚರ್ ಇದ್ದ ತಂಡ ಮೊದಲ ಬಾರಿಗೆ ಒಮಾಹಾ ಮುಟ್ಟಿತು. ಮೂರು ವರ್ಷ ಕಳೆದು, 2014ರಲ್ಲಿ ಕಪ್ಪೇ ಬಂತು.

ಆ ಗೆಲುವು ಪೂರ್ತಿಯಾಗಿ ಪಿಚಿಂಗ್ ಮತ್ತು ಫೀಲ್ಡಿಂಗ್‌ನ ಗೆಲುವು ಅನ್ನಬಹುದು. 2011ರಿಂದ ಕಾಲೇಜು ಆಟದಲ್ಲಿ ಬ್ಯಾಟ್‌ನ ನಿಯಮ ಬದಲಾಗಿ, ಚೆಂಡು ಮೊದಲಿನಷ್ಟು ಹಾರುತ್ತಿರಲಿಲ್ಲ. ಒಮಾಹಾದ ಹೊಸ ಮೈದಾನವೂ ವಿಶಾಲ. ಹೋಮ್ ರನ್ ಅನ್ನೋದು ಅಲ್ಲಿ ಅಪರೂಪದ ಸರಕಾಗಿತ್ತು. ಒಂದೊಂದು ರನ್‌ಗೂ ಹೋರಾಟ. ಬಿಟ್ಟ ಒಂದು ಚೆಂಡು ಅಂದರೆ ಸೋತ ಒಂದು ಪಂದ್ಯ. ವರ್ಜೀನಿಯಾ ವಿರುದ್ಧದ ಮೂರು ಪಂದ್ಯಗಳ ಫೈನಲ್ 1-1 ಆಗಿ, ಜೂನ್ 25ರಂದು ಕೊನೇ ಪಂದ್ಯ 2-2ರಲ್ಲಿ ನಿಂತಿತ್ತು. ಎಂಟನೇ ಇನಿಂಗ್ಸ್‌ನಲ್ಲಿ ಜಾನ್ ನಾರ್ವುಡ್ ಹೊಡೆದ ಒಂದು ಹೋಮ್ ರನ್, ಆಮೇಲೆ ಅದನ್ನು ಕಾಯ್ದುಕೊಂಡ ಪಿಚರ್‌ಗಳು. 3-2.

ಟೂರ್ನಿಯ ಶ್ರೇಷ್ಠ ಆಟಗಾರ ಅಂತ ಆಯ್ಕೆಯಾದವನು ಎರಡನೇ ಬೇಸ್ ಕಾಯುತ್ತಿದ್ದ ಡ್ಯಾನ್ಸ್‌ಬಿ ಸ್ವಾನ್ಸನ್. ಅದರ ಹಿಂದಿನ ವರ್ಷ ಗಾಯದಿಂದಾಗಿ ಆತ ಹೆಚ್ಚೂಕಡಿಮೆ ಬೆಂಚಿನಲ್ಲೇ ಕಳೆದಿದ್ದ. 2015ರಲ್ಲಿ ಆತನನ್ನು ಶಾರ್ಟ್‌ಸ್ಟಾಪ್‌ಗೆ ಬದಲಾಯಿಸಿದರು. ಎರಡನೇ ಮತ್ತು ಮೂರನೇ ಬೇಸ್ ನಡುವಿನ ಜಾಗ ಅದು. ಅತಿ ಹೆಚ್ಚು ಚೆಂಡು ಬರೋದು ಆ ಕಡೆಗೇ, ಎಸೆಯಬೇಕಾದ ದೂರವೂ ಹೆಚ್ಚು. ಮೈದಾನದ ಅತಿ ಕಷ್ಟದ ಕೆಲಸಗಳಲ್ಲಿ ಒಂದು. ಅದನ್ನು ನಿಭಾಯಿಸಿದ ಸ್ವಾನ್ಸನ್ 2015ರ ಆಯ್ಕೆಯಲ್ಲಿ ದೇಶಕ್ಕೆ ಮೊದಲಿಗನಾದ. ಪಿಚರ್ ಪ್ರೈಸ್ ನಂತರ ಅದೇ ಕಾಲೇಜಿನಿಂದ ಫೀಲ್ಡರ್ ಒಬ್ಬ ನಂಬರ್ 1! 2022 ಮತ್ತು 2023ರಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಶಾರ್ಟ್‌ಸ್ಟಾಪ್‌ಗೆ ಸಲ್ಲುವ ಗೋಲ್ಡ್ ಗ್ಲವ್ ಪ್ರಶಸ್ತಿ ಆತನ ಕೈ ಸೇರಿತು.

ಅದೇ 2015ರ ಆಯ್ಕೆಯ ಮೊದಲ ಸುತ್ತಿನಲ್ಲಿ ಪಿಚರ್‌ಗಳಾದ ಕಾರ್ಸನ್ ಫುಲ್ಮರ್ ಎಂಟನೆಯವನಾಗಿ, ವಾಕರ್ ಬ್ಯೂಲರ್ 24ನೆಯವನಾಗಿ ಹೋದರು. ಒಂದೇ ಕಾಲೇಜು, ಒಂದೇ ವರ್ಷ, ಮೊದಲ ಸುತ್ತಿನಲ್ಲೇ ಮೂವರು. ಬ್ಯೂಲರ್ 2024ರ ವರ್ಲ್ಡ್ ಸೀರೀಸ್‌ನ ಕೊನೇ ಪಂದ್ಯದಲ್ಲಿ ಡಾಡ್ಜರ್ಸ್ ಪರ ಕೊನೇ ಔಟ್ ಪಡೆದವನು.

41ರ ಅಂಗಿ

ಈ ತಂಡದ ಕಥೆಯಲ್ಲಿ ಕಪ್ ಮಾತ್ರ ಇಲ್ಲ. 2016ರ ಜೂನ್ 2. ರಾಷ್ಟ್ರೀಯ ಟೂರ್ನಿ ಶುರುವಾಗುವ ಹಿಂದಿನ ದಿನ. ಮೊದಲ ವರ್ಷದ ಪಿಚರ್ ಡಾನಿ ಎವರೆಟ್, 19ರ ಹರೆಯದ ಹುಡುಗ, ಟೆನೆಸ್ಸಿಯ ನಾರ್ಮಂಡಿ ಕೆರೆಯಲ್ಲಿ ಮುಳುಗಿ ತೀರಿಕೊಂಡ. ವೃತ್ತಿಪರ ತಂಡದ ಹಣ ಬೇಡ ಅಂತ ಕಾಲೇಜಿಗೆ ಬಂದ ಹುಡುಗ ಅವನೂ. ಅಂಗಿಯ ಸಂಖ್ಯೆ 41. ಸಹಪಾಠಿಗಳು ಕಣ್ಣೀರಿನಲ್ಲೇ ಮೈದಾನಕ್ಕಿಳಿದು ಎರಡು ಪಂದ್ಯ ಸೋತು ಟೂರ್ನಿಯಿಂದ ಹೊರಬಿದ್ದರು. ಆ ದಿನ ಸ್ಕೋರ್ ಯಾರಿಗೆ ಬೇಕಿತ್ತು?

ಎವರೆಟ್ ಜೊತೆ ಆ ವರ್ಷ ಕಾಲೇಜಿಗೆ ಸೇರಿದ್ದ ಈಥನ್ ಪಾಲ್, ಸ್ಟೀಫನ್ ಸ್ಕಾಟ್, ಜೂಲಿಯನ್ ಇನ್‌ಫಾಂಟೆ, ಪ್ಯಾಟ್ರಿಕ್ ರೇಬಿ ನಾಲ್ಕು ವರ್ಷವೂ ಅಲ್ಲೇ ಉಳಿದರು. 2019ರಲ್ಲಿ ಅವರು ತಂಡದ ಹಿರಿಯರು. ಕುಮಾರ್ ನೋ-ಹಿಟ್ಟರ್ ಎಸೆದದ್ದು ಇಂಥ ಅಣ್ಣಂದಿರು ಇದ್ದ ತಂಡದಲ್ಲಿ.

ಆ ವರ್ಷ ಒಮಾಹಾದ ಫೈನಲ್‌ನಲ್ಲಿ ಎದುರಿಗೆ ಬಂದದ್ದು ಯಾರು ಗೊತ್ತಾ? ಅದೇ ಮಿಷಿಗನ್! ಮೊದಲ ಪಂದ್ಯ ಮಿಷಿಗನ್ 7-4ರಿಂದ ಗೆದ್ದಿತು. ಮತ್ತೆ ಅದೇ ಪಾಡು, ಇನ್ನೊಂದು ಸೋತರೆ ಮನೆಗೆ. ಮತ್ತೆ ಚೆಂಡು ಕುಮಾರ್ ಕೈಗೆ. ಏಳನೇ ಇನಿಂಗ್ಸ್‌ವರೆಗೆ ಎಸೆದು 11 ಸ್ಟ್ರೈಕ್‌ಔಟ್, ಬಿಟ್ಟ ರನ್ ಒಂದೇ. 4-1. ಮರುದಿನ, ಜೂನ್ 26ರಂದು, 8-2ರಿಂದ ಗೆದ್ದು ವ್ಯಾಂಡರ್‌ಬಿಲ್ಟ್ ಎರಡನೇ ಬಾರಿ ಚಾಂಪಿಯನ್. ಆ ಋತುವಿನಲ್ಲಿ 59 ಗೆಲುವು, 12 ಸೋಲು. ಟೂರ್ನಿಯ ಶ್ರೇಷ್ಠ ಆಟಗಾರ ಕುಮಾರ್ ರಾಕರ್. 12 ವರ್ಷದ ಹಿಂದಿನ ಬಾಕಿ ಚುಕ್ತಾ.

ಜೋಡೆತ್ತು

2021ರಲ್ಲಿ ಕುಮಾರ್ ಜೊತೆಗೆ ಇನ್ನೊಬ್ಬ ಬಂದು ನಿಂತ. ಜ್ಯಾಕ್ ಲೈಟರ್. ಅಪ್ಪ ಆಲ್ ಲೈಟರ್ ದೊಡ್ಡ ಲೀಗ್‌ನಲ್ಲಿ 1996ರಲ್ಲಿ ನೋ-ಹಿಟ್ಟರ್ ಎಸೆದವರು. ಮಗ 2021ರ ಮಾರ್ಚ್ 20ರಂದು ಸೌತ್ ಕೆರೊಲಿನಾ ವಿರುದ್ಧ ಮೊದಲ ಬ್ಯಾಟರ್‌ಗೆ ವಾಕ್ ಕೊಟ್ಟ. ಸರಿ, ಆಮೇಲೆ? ಮುಂದಿನ 27 ಜನರನ್ನೂ ಸಾಲಾಗಿ ಔಟ್ ಮಾಡಿದ! ಒಂದು ವಾಕ್‌ನಿಂದ ಪರ್ಫೆಕ್ಟ್ ಗೇಮ್ ತಪ್ಪಿತು, ನೋ-ಹಿಟ್ಟರ್ ಸಿಕ್ಕಿತು. 16 ಸ್ಟ್ರೈಕ್‌ಔಟ್. ಉಳಿದ 11 ಔಟ್ ಮತ್ತೆ ಫೀಲ್ಡರ್‌ಗಳ ಪಾಲು.

ಆ ಋತು ಮುಗಿದಾಗ ರಾಕರ್ 179, ಲೈಟರ್ 179. ಇಬ್ಬರೂ ಸಮ ಸಮ, ಇಬ್ಬರೂ ದೇಶಕ್ಕೇ ಮೊದಲು. ಒಂದೇ ತಂಡದ ಇಬ್ಬರು ಸೇರಿ 358 ಸ್ಟ್ರೈಕ್‌ಔಟ್. ಎದುರಾಳಿ ತಂಡಗಳಿಗೆ ಶುಕ್ರವಾರ ಒಬ್ಬ, ಶನಿವಾರ ಇನ್ನೊಬ್ಬ. ಇಷ್ಟಾದರೂ ಕಪ್ ಬರಲಿಲ್ಲ. ಫೈನಲ್‌ನ ಕೊನೇ ಪಂದ್ಯದಲ್ಲಿ ಮಿಸಿಸಿಪ್ಪಿ ಸ್ಟೇಟ್ 9-0ಯಿಂದ ಗೆದ್ದಿತು. ಸೋತ ಪಿಚರ್ ಕುಮಾರ್ ರಾಕರ್. ವ್ಯಾಂಡರ್‌ಬಿಲ್ಟ್‌ಗೆ ಅವತ್ತು ಎಂಟನೇ ಇನಿಂಗ್ಸ್‌ವರೆಗೆ ಒಂದು ಹಿಟ್ಟೂ ಸಿಗಲಿಲ್ಲ. ಬೇರೆಯವರಿಗೆ ಉಣಿಸಿದ್ದನ್ನು ತಾವೇ ಉಣ್ಣಬೇಕಾಯಿತು.

ಓದಾ? ಆಟಾನಾ?

ಇಲ್ಲಿಂದ ಮುಂದಿನದು ನಮ್ಮ ತಂದೆ-ತಾಯಂದಿರು ಓದಬೇಕಾದ ಭಾಗ.

2021ರ ಜುಲೈನಲ್ಲಿ ಲೈಟರ್‌ನನ್ನು ಎರಡನೆಯವನಾಗಿ ಟೆಕ್ಸಸ್ ರೇಂಜರ್ಸ್ ಆರಿಸಿಕೊಂಡಿತು. ಕುಮಾರ್‌ನನ್ನು ಹತ್ತನೆಯವನಾಗಿ ನ್ಯೂಯಾರ್ಕ್ ಮೆಟ್ಸ್ ಆರಿಸಿತು. 60 ಲಕ್ಷ ಡಾಲರ್‌ಗೆ ಮಾತು ಆಗಿತ್ತು. ವೈದ್ಯಕೀಯ ತಪಾಸಣೆಯ ನಂತರ ತಂಡ ಹಿಂದೆ ಸರಿಯಿತು. ಸಹಿ ಆಗಲೇ ಇಲ್ಲ. 21 ವರ್ಷದ ಹುಡುಗ, ದೇಶವೆಲ್ಲ ನೋಡುತ್ತಿದೆ, ತೋಳಿನ ಬಗ್ಗೆ ಊರೆಲ್ಲ ಚರ್ಚೆ. ಆ ವರ್ಷ ಭುಜದ ಶಸ್ತ್ರಚಿಕಿತ್ಸೆ ಆಯಿತು.

ಆತ ಕೈಕಟ್ಟಿ ಕೂರಲಿಲ್ಲ. 2022ರಲ್ಲಿ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಎಂಬ ಸಣ್ಣ ಸ್ವತಂತ್ರ ಲೀಗ್‌ನ ತಂಡದಲ್ಲಿ ಎಸೆದು ತೋರಿಸಿದ. ಅದೇ ಜುಲೈನಲ್ಲಿ ರೇಂಜರ್ಸ್ ತಂಡ ಮೂರನೆಯವನಾಗಿ ಆರಿಸಿತು. ಹತ್ತರಿಂದ ಮೂರಕ್ಕೆ! 2023ರಲ್ಲಿ ಮತ್ತೆ ಪೆಟ್ಟು, ಈ ಬಾರಿ ಮೊಣಕೈಗೆ. ಟಾಮಿ ಜಾನ್ ಅನ್ನುವ ಶಸ್ತ್ರಚಿಕಿತ್ಸೆ. ಹರಿದ ಲಿಗಮೆಂಟ್ ಜಾಗಕ್ಕೆ ಬೇರೆಯದನ್ನು ಕಸಿ ಮಾಡುತ್ತಾರೆ. ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರ. ಕೊನೆಗೆ 2024ರ ಸೆಪ್ಟೆಂಬರ್ 12ರಂದು ಸಿಯಾಟಲ್‌ನಲ್ಲಿ ದೊಡ್ಡ ಲೀಗ್‌ನ ಮೊದಲ ಪಂದ್ಯ. ನಾಲ್ಕು ಇನಿಂಗ್ಸ್, ಏಳು ಸ್ಟ್ರೈಕ್‌ಔಟ್. ಅದೇ ವರ್ಷ ಏಪ್ರಿಲ್‌ನಲ್ಲಿ ಲೈಟರ್ ಕೂಡ ರೇಂಜರ್ಸ್ ಪರ ಮೊದಲ ಪಂದ್ಯ ಆಡಿದ್ದ. ಜೋಡೆತ್ತು ಮತ್ತೆ ಒಂದೇ ಕೊಟ್ಟಿಗೆಗೆ ಬಂತು.

ಗಮನಿಸಿ, ಈ ಕಥೆಯಲ್ಲಿ ಬಂದ ಪ್ರೈಸ್, ಎವರೆಟ್, ರಾಕರ್ ಮೂವರನ್ನೂ ಶಾಲೆ ಮುಗಿದಾಗಲೇ ವೃತ್ತಿಪರ ತಂಡಗಳು ಆರಿಸಿದ್ದವು. ಮೂವರೂ ಕಾಲೇಜಿಗೆ ಬಂದರು. ಅಮೆರಿಕದ ನಿಯಮದ ಪ್ರಕಾರ ನಾಲ್ಕು ವರ್ಷದ ಕಾಲೇಜಿಗೆ ಸೇರಿದ ಆಟಗಾರ ಸಾಮಾನ್ಯವಾಗಿ ಮೂರು ವರ್ಷ ಮುಗಿಯುವ ತನಕ ಅಥವಾ 21 ತುಂಬುವ ತನಕ ಆಯ್ಕೆಗೆ ನಿಲ್ಲುವಂತಿಲ್ಲ. ಅಷ್ಟು ದಿನ ಆಟದ ಜೊತೆ ಪಾಠವೂ ನಡೆಯುತ್ತದೆ. ಹಾಗಂತ ಎಲ್ಲ ಪುಕ್ಕಟೆ ಅಲ್ಲ. ಬಹಳ ವರ್ಷ ಒಂದು ಬೇಸ್‌ಬಾಲ್ ತಂಡಕ್ಕೆ ಒಟ್ಟು 11.7 ವಿದ್ಯಾರ್ಥಿವೇತನ ಮಾತ್ರ ಇತ್ತು. ಅದನ್ನೇ ಎರಡು ಡಜನ್‌ಗೂ ಹೆಚ್ಚು ಹುಡುಗರಿಗೆ ತುಂಡು ತುಂಡು ಮಾಡಿ ಹಂಚಬೇಕಿತ್ತು.

ನಮ್ಮ ಮನೆಗಳಲ್ಲಿ ಪಿಯುಸಿ ಬಂದ ಕೂಡಲೇ ಬ್ಯಾಟು ಅಟ್ಟ ಸೇರುತ್ತದೆ. ಓದಾ ಆಟಾನಾ ಅನ್ನೋ ಪ್ರಶ್ನೆಗೆ ಎರಡೂ ಅನ್ನೋ ಉತ್ತರ ಹೇಳುವ ಕಾಲೇಜು ನಮ್ಮಲ್ಲಿ ಎಷ್ಟಿವೆ? ತೋಳು ಕೈಕೊಟ್ಟ ದಿನ ಹುಡುಗನಿಗೆ ಓದು ಆಸರೆ. ಓದು ಬೇಸರವಾದ ದಿನ ಆಟ ಆಸರೆ. ಇದನ್ನು ಯೋಚಿಸೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ.

ನಮ್ಮ ಕಡೆ ಏನಿದೆ?

ಭಾರತಕ್ಕೂ ಈ ಆಟಕ್ಕೂ ಸಂಬಂಧವೇ ಇಲ್ಲ ಅನ್ನಬೇಡಿ. 2008ರಲ್ಲಿ ನಮ್ಮ ದೇಶದಲ್ಲಿ ನಡೆದ ಟಿವಿ ಸ್ಪರ್ಧೆಯೊಂದರಿಂದ ಹೊರಬಂದ ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಇಬ್ಬರೂ ಅದಕ್ಕೆ ಮುಂಚೆ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಕಂಡೇ ಇರಲಿಲ್ಲ.

ಇದರ ತಂಗಿಯಂತಿರುವ ಸಾಫ್ಟ್‌ಬಾಲ್ ಮಹಾರಾಷ್ಟ್ರದ ಶಾಲೆಗಳಿಗೆ ಹೊಸದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಪಾಲಕರು ಕೇಳಿಯೇ ಇರುತ್ತಾರೆ. ರಾಯದುರ್ಗದವರಿಗೆ ಇನ್ನೂ ಹತ್ತಿರ, ಅನಂತಪುರದಲ್ಲಿ ಆರ್‌ಡಿಟಿ ಸಂಸ್ಥೆ ಕಟ್ಟಿದ ಕ್ರೀಡಾ ಗ್ರಾಮದಲ್ಲಿ ಹಳ್ಳಿ ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸಿದ್ದಾರೆ. ಗುರಿಯಿಟ್ಟು ಕಲ್ಲೆಸೆದು ಮಾವಿನಕಾಯಿ ಬೀಳಿಸುವ ಹುಡುಗರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಬಿದ್ದ ಕಾಯಿ ನೆಲ ಮುಟ್ಟುವ ಮೊದಲೇ ಹಿಡಿಯುವ ಹುಡುಗಿಯರೂ ಇದ್ದಾರೆ. ಪಿಚರ್ ಯಾರು, ಫೀಲ್ಡರ್ ಯಾರು ಅಂತ ನೋಡುವ ಮೇಷ್ಟ್ರು ಬೇಕು, ಅಷ್ಟೇ.

ಒಂದೇ ನೋಟದಲ್ಲಿ ವ್ಯಾಂಡರ್‌ಬಿಲ್ಟ್

* 2004: 1980ರ ಬಳಿಕ ಮತ್ತೆ ರಾಷ್ಟ್ರೀಯ ಟೂರ್ನಿಗೆ
* 2007: ಡೇವಿಡ್ ಪ್ರೈಸ್ 194 ಸ್ಟ್ರೈಕ್‌ಔಟ್, ಆಯ್ಕೆಯಲ್ಲಿ ನಂಬರ್ 1
* 2011: ಮೊದಲ ಬಾರಿ ಒಮಾಹಾಕ್ಕೆ
* 2014: ಮೊದಲ ರಾಷ್ಟ್ರೀಯ ಪ್ರಶಸ್ತಿ, ಸ್ವಾನ್ಸನ್ ಶ್ರೇಷ್ಠ ಆಟಗಾರ
* 2015: ಫೈನಲ್‌ನಲ್ಲಿ ವರ್ಜೀನಿಯಾ ಎದುರು ಸೋಲು, ಸ್ವಾನ್ಸನ್ ಆಯ್ಕೆಯಲ್ಲಿ ನಂಬರ್ 1
* 2019: ಕುಮಾರ್ ರಾಕರ್ ನೋ-ಹಿಟ್ಟರ್, 19 ಸ್ಟ್ರೈಕ್‌ಔಟ್, ಎರಡನೇ ಪ್ರಶಸ್ತಿ
* 2021: ಲೈಟರ್ ನೋ-ಹಿಟ್ಟರ್, ರಾಕರ್ ಮತ್ತು ಲೈಟರ್ ತಲಾ 179, ಫೈನಲ್‌ನಲ್ಲಿ ಸೋಲು

ಅಂದಹಾಗೆ, ಮುಂದೆ ಯಾವತ್ತಾದರೂ ಟಿವಿಯಲ್ಲಿ ಬೇಸ್‌ಬಾಲ್ ಕಂಡರೆ ತಕ್ಷಣ ಚಾನೆಲ್ ಬದಲಿಸಬೇಡಿ. ಬೋರ್ಡ್‌ನಲ್ಲಿ ಆರ್, ಎಚ್, ಇ ಅನ್ನೋ ಮೂರು ಖಾನೆ ಹುಡುಕಿ. ಎಚ್ ಖಾನೆ ಸೊನ್ನೆ ಇದ್ದರೆ ಪಿಚರ್‌ಗೆ ಚಪ್ಪಾಳೆ. ಇ ಖಾನೆಯೂ ಸೊನ್ನೆ ಇದ್ದರೆ, ಹೆಸರು ಗೊತ್ತಿಲ್ಲದ ಆ ಎಂಟು ಜನರಿಗೂ ಒಂದು ಚಪ್ಪಾಳೆ ಇರಲಿ.